ಅಪ್ಪನ ಕಾರಿನ ಗೇರ್‌ಬಾಕ್ಸ್ ಕೆಡಿಸದೆ ಕೈ ಪಳಗಿಸಿಕೊಳ್ಳುವುದು ಹೇಗೆ? ಜೂನ್‌ನಿಂದ ಸಂಪಾಜೆ ಘಾಟಿ ಹತ್ತಬೇಕಾಗಿದೆ

ಮಲ್ಲಿಗೆ ಪುತ್ತೂರು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಪುತ್ತೂರಿನವಳು, ವೃತ್ತಿಯಿಂದ ಶಿಕ್ಷಕಿ. ಡ್ರೈವಿಂಗ್ ಸ್ಕೂಲ್‌ನಲ್ಲಿ ಕಲಿತು ಈಚೆಗಷ್ಟೇ ಲೈಸೆನ್ಸ್ ಪಡೆದಿದ್ದೇನೆ. ಜೂನ್‌ನಿಂದ ಮಡಿಕೇರಿಯಲ್ಲಿ ಕೆಲಸಕ್ಕೆ ಸೇರಬೇಕಾಗಿರುವುದರಿಂದ, ವಾರಕ್ಕೊಮ್ಮೆ ಸುಳ್ಯ, ಸಂಪಾಜೆ ಮಾರ್ಗವಾಗಿ ನಾನೇ ಕಾರು ಓಡಿಸಿಕೊಂಡು ಹೋಗಿಬರಬೇಕೆಂಬ ಯೋಚನೆಯಿದೆ. ಮನೆಯಲ್ಲಿರುವುದು ಅಪ್ಪನ ಎಂಟು ವರ್ಷ ಹಳೆಯ, ಐದು ಗೇರಿನ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಅವರು ಅದನ್ನು ಬಹಳ ಜೋಪಾನವಾಗಿ ನೋಡಿಕೊಂಡಿದ್ದಾರೆ. ಇದುವರೆಗೆ ಕ್ಲಚ್ ಪ್ಲೇಟ್ ಕೂಡ ಬದಲಾಯಿಸಿಲ್ಲ.

ಬೆಳಗಿನ ಹೊತ್ತು ದೇವಸ್ಥಾನದ ಎದುರಿನ ಗದ್ದೆಯಲ್ಲಿ ಅಭ್ಯಾಸ ಮಾಡುತ್ತಿದ್ದೇನೆ. ಕ್ಲಚ್ ಬಿಡುವಾಗ ಇಂಜಿನ್ ನಿಂತುಹೋದರೆ ಪಕ್ಕದಲ್ಲಿ ಕುಳಿತ ಅಪ್ಪ ‘ಗೇರ್‌ಬಾಕ್ಸ್ ಕೆಟ್ಟಿತು’ ಎಂದು ಕಳವಳಪಡುತ್ತಾರೆ. ಆಕ್ಸಿಲರೇಟರ್ ಜೋರಾಗಿ ತುಳಿದು ಕ್ಲಚ್ಚನ್ನು ಬಹಳ ನಿಧಾನವಾಗಿ ಬಿಟ್ಟರೆ ಇಂಜಿನ್ ನಿಲ್ಲುವುದಿಲ್ಲ, ಅಪ್ಪನೂ ಸುಮ್ಮನಿರುತ್ತಾರೆ. ಇವೆರಡರಲ್ಲಿ ಕಾರಿಗೆ ನಿಜವಾಗಿ ಹಾನಿ ಮಾಡುವುದು ಯಾವುದು?

ಸಲಹೆಗಳಿಗಂತೂ ಕೊರತೆಯಿಲ್ಲ. ಎಡಗಾಲು ಸದಾ ಕ್ಲಚ್ ಮೇಲೆಯೇ ಸಿದ್ಧವಾಗಿರಲಿ ಎಂದು ಚಿಕ್ಕಪ್ಪ ಹೇಳುತ್ತಾರೆ. ಘಾಟಿ ಇಳಿಯುವಾಗ ನ್ಯೂಟ್ರಲ್‌ಗೆ ಹಾಕಿದರೆ ಪೆಟ್ರೋಲೂ ಉಳಿಯುತ್ತದೆ, ಗೇರಿಗೂ ವಿಶ್ರಾಂತಿ ಸಿಗುತ್ತದೆ ಎಂಬುದು ಪಕ್ಕದ ಮನೆಯವರ ಮಾತು. ವೇಗ ತಗ್ಗಿಸಲು ಬ್ರೇಕಿಗಿಂತ ಗೇರನ್ನೇ ಬಳಸಬೇಕೆಂದು ಇನ್ನೊಬ್ಬರು ಹೇಳಿದರು. ಇವುಗಳಲ್ಲಿ ಯಾವುದನ್ನು ನಂಬಬೇಕು, ಏರಿನಲ್ಲಿ ನಿಂತ ಕಾರನ್ನು ಹಿಂದಕ್ಕೆ ಜಾರದಂತೆ ಹೊರಡಿಸುವುದು ಹೇಗೆ ಎಂಬುದನ್ನು ಅನುಭವಿಗಳು ಕಾರಣಸಹಿತ ತಿಳಿಸಿಕೊಟ್ಟರೆ ಉಪಕಾರವಾಗುತ್ತದೆ.

ಹಾಸನ ಗ್ಯಾರೇಜ್

ಮೇಡಂ, ಇಂಜಿನ್ ನಿಂತುಹೋಗುವುದರಿಂದ ಗೇರ್‌ಬಾಕ್ಸ್ ಕೆಡುವುದಿಲ್ಲ ಎಂದು ಮೊದಲು ನಿಮ್ಮ ತಂದೆಯವರಿಗೆ ತಿಳಿಸಿ. ಕಾರು ಒಮ್ಮೆ ಜಗ್ಗಿದಂತಾಗಿ ಇಂಜಿನ್ ಕೂತಿರುವ ರಬ್ಬರ್ ಮೌಂಟಿಂಗ್‌ಗಳಿಗೆ ಸ್ವಲ್ಪ ಏಟು ಬೀಳುತ್ತದೆ, ಮತ್ತೆ ಸ್ಟಾರ್ಟ್ ಮಾಡಲು ಬ್ಯಾಟರಿ ಸ್ವಲ್ಪ ಖರ್ಚಾಗುತ್ತದೆ. ಕಲಿಯುವವರ ಕೈಯಲ್ಲಿ ಆಗುವ ಅಷ್ಟು ಸಣ್ಣ ಹೊರೆಯನ್ನು ತಡೆದುಕೊಳ್ಳುವಂತೆಯೇ ಕಾರನ್ನು ಕಟ್ಟಿರುತ್ತಾರೆ. ನಿಜವಾದ ಹಾನಿಯಿರುವುದು ನಿಮ್ಮ ಎರಡನೆಯ ವಿಧಾನದಲ್ಲಿ, ಅಂದರೆ ತಂದೆಯವರು ಸುಮ್ಮನಿರುವ ವಿಧಾನದಲ್ಲಿ.

ಕಾರಣ ಹೀಗಿದೆ. ಇಂಜಿನ್ನಿನ ತುದಿಯಲ್ಲಿ ಫ್ಲೈವೀಲ್ ಎಂಬ ಭಾರವಾದ ಚಕ್ರ ತಿರುಗುತ್ತಿರುತ್ತದೆ. ಕ್ಲಚ್ ಪ್ಲೇಟನ್ನು ಪ್ರೆಷರ್ ಪ್ಲೇಟ್ ತನ್ನ ಸ್ಪ್ರಿಂಗ್ ಬಲದಿಂದ ಆ ಚಕ್ರಕ್ಕೆ ಒತ್ತಿ ಹಿಡಿದಿರುತ್ತದೆ. ಪೆಡಲ್ ಪೂರ್ತಿ ಮೇಲಿದ್ದಾಗ ಮೂರೂ ಒಂದಾಗಿ ತಿರುಗುವುದರಿಂದ ಉಜ್ಜಾಟವಿಲ್ಲ. ಪೂರ್ತಿ ಕೆಳಗಿದ್ದಾಗ ಪ್ಲೇಟ್ ಬಿಡಿಯಾಗಿರುವುದರಿಂದ ಆಗಲೂ ಅದು ಸವೆಯುವುದಿಲ್ಲ. ಇವೆರಡರ ನಡುವಿನ ಸ್ಥಿತಿಯಲ್ಲಿ, ಅಂದರೆ ನಾವು ಹಾಫ್ ಕ್ಲಚ್ ಎನ್ನುವ ಹಂತದಲ್ಲಿ ಮಾತ್ರ, ಸಾಣೆಕಲ್ಲಿನ ಮೇಲೆ ಗಂಧದ ಕೊರಡು ತೇದಂತೆ ಪ್ಲೇಟಿನ ಮೇಲ್ಮೈ ತೇಯುತ್ತದೆ. ಎಷ್ಟು ಹೊತ್ತು ತೇಯುತ್ತದೆ, ಎರಡು ಕಡೆಯ ವೇಗದ ಅಂತರ ಎಷ್ಟಿರುತ್ತದೆ ಎಂಬುದರ ಮೇಲೆ ಸವೆತ ನಿಂತಿದೆ. 3,000 ಆರ್‌ಪಿಎಂನಲ್ಲಿ (ನಿಮಿಷಕ್ಕೆ 3,000 ಸುತ್ತು) ಇಂಜಿನ್ ಕಿರುಚುತ್ತಿರುವಾಗ ನಾಲ್ಕೈದು ಸೆಕೆಂಡು ಕ್ಲಚ್ ಜಾರಿಸುತ್ತಾ ಹೊರಡುವುದಕ್ಕೂ, 1,200ರ ಆಸುಪಾಸಿನಲ್ಲಿ ಒಂದೆರಡು ಸೆಕೆಂಡಿನಲ್ಲಿ ಹೊರಡುವುದಕ್ಕೂ ಹುಟ್ಟುವ ಬಿಸಿಯಲ್ಲಿ ಅಜಗಜಾಂತರವಿದೆ. ಕೆಟ್ಟ ಕ್ಲಚ್ಚನ್ನು ಬಿಚ್ಚಿದಾಗ ಫ್ಲೈವೀಲಿನ ಮೇಲೆ ಕಾಣುವ ನೀಲಿ ಕಲೆಗಳು ಆ ಬಿಸಿಯ ಗುರುತು. ಕಾರಿನೊಳಗೆ ಸುಟ್ಟ ವಾಸನೆ ಬಂದರೆ ಪ್ಲೇಟ್ ಆಗಲೇ ತೇಯುತ್ತಿದೆ ಎಂದರ್ಥ. ಅಂಥ ಸಂದರ್ಭದಲ್ಲಿ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಹತ್ತಿಪ್ಪತ್ತು ನಿಮಿಷ ಆರಲು ಬಿಡಿ.

ಆದ್ದರಿಂದ ಅಭ್ಯಾಸವನ್ನು ಹೀಗೆ ಬದಲಾಯಿಸಿಕೊಳ್ಳಿ. ಗದ್ದೆಯ ಸಮತಟ್ಟಾದ ಭಾಗದಲ್ಲಿ ಮೊದಲ ಗೇರ್ ಹಾಕಿ, ಬಲಗಾಲನ್ನು ಆಕ್ಸಿಲರೇಟರ್ ಹತ್ತಿರಕ್ಕೂ ಒಯ್ಯದೆ, ಕ್ಲಚ್ಚನ್ನು ಮಾತ್ರ ನಿಧಾನವಾಗಿ ಬಿಡಿ. ಕಾರಿನ ಮೂತಿ ಸ್ವಲ್ಪ ಮೇಲೆದ್ದಂತಾಗಿ ಇಂಜಿನ್ನಿನ ಸದ್ದು ತುಸು ತಗ್ಗುವ ಜಾಗವೇ ಕ್ಲಚ್ ಹಿಡಿಯುವ ಜಾಗ; ಅಲ್ಲಿ ಪಾದವನ್ನು ಕ್ಷಣಕಾಲ ತಡೆದು, ಚಕ್ರಗಳು ಉರುಳಲಾರಂಭಿಸಿದ ಮೇಲೆ ಪೂರ್ತಿ ಬಿಡಿ. ಈಗಿನ ಪೆಟ್ರೋಲ್ ಕಾರುಗಳಲ್ಲಿ ಐಡಲ್ ವೇಗವನ್ನು (ಆಕ್ಸಿಲರೇಟರ್ ಒತ್ತದಿರುವಾಗ ಇಂಜಿನ್ ತಿರುಗುವ ವೇಗ) ಕಂಪ್ಯೂಟರ್ ನೋಡಿಕೊಳ್ಳುವುದರಿಂದ, ಸಮತಟ್ಟಿನಲ್ಲಿ ಆಕ್ಸಿಲರೇಟರ್ ಇಲ್ಲದೆಯೇ ಕಾರು ತೆವಳುತ್ತದೆ. ಈ ಹಂತದಲ್ಲಿ ಇಂಜಿನ್ ನಿಂತರೆ ನಿಲ್ಲಲಿ. ಆ ಜಾಗವನ್ನು ಪಾದ ತಾನಾಗಿ ಗುರುತಿಸುವವರೆಗೆ ಆಕ್ಸಿಲರೇಟರ್ ಸೇರಿಸುವ ಅವಸರ ಬೇಡ.

ಚಿಕ್ಕಪ್ಪನವರ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ. ಪೆಡಲಿನ ಮೇಲೆ ಪಾದವನ್ನು ಸುಮ್ಮನೆ ಇಟ್ಟಿದ್ದರೂ ಅದರ ಭಾರಕ್ಕೆ, ಪ್ರೆಷರ್ ಪ್ಲೇಟನ್ನು ಬಿಡಿಸುವ ರಿಲೀಸ್ ಬೇರಿಂಗ್ ಒತ್ತಿಕೊಂಡು ತಿರುಗುತ್ತಲೇ ಇರುತ್ತದೆ, ಪ್ರೆಷರ್ ಪ್ಲೇಟಿನ ಹಿಡಿತವೂ ಸಡಿಲವಾಗುತ್ತದೆ. ಆ ಬೇರಿಂಗಿನ ಬೆಲೆ ದೊಡ್ಡದಲ್ಲ, ಆದರೆ ಅದನ್ನು ತಲುಪಲು ಗೇರ್‌ಬಾಕ್ಸನ್ನೇ ಕೆಳಗಿಳಿಸಬೇಕಾಗುತ್ತದೆ. ಅದಕ್ಕಾಗಿಯೇ ನಾವು ಪ್ಲೇಟ್, ಪ್ರೆಷರ್ ಪ್ಲೇಟ್, ಬೇರಿಂಗ್ ಮೂರನ್ನೂ ಒಟ್ಟಿಗೆ ಬದಲಾಯಿಸಲು ಹೇಳುವುದು. ಗ್ರಾಹಕರು ಅದನ್ನು ದುಡ್ಡು ಕೀಳುವ ಉಪಾಯವೆಂದು ಭಾವಿಸುವುದುಂಟು.

ಗೇರಿನಿಂದಲೇ ವೇಗ ತಗ್ಗಿಸಬೇಕೆಂಬ ಮಾತಿಗೂ ನನ್ನ ಒಪ್ಪಿಗೆಯಿಲ್ಲ. ಬ್ರೇಕ್ ಪ್ಯಾಡ್ ಬದಲಾಯಿಸುವುದು ಅರ್ಧ ಗಂಟೆಯ ಕೆಲಸ, ಕ್ಲಚ್ ಬದಲಾಯಿಸುವುದು ಒಂದು ದಿನದ ಕೆಲಸ. ವೇಗ ತಗ್ಗಿಸುವುದು ಬ್ರೇಕಿನ ಕರ್ತವ್ಯ; ತಗ್ಗಿದ ವೇಗಕ್ಕೆ ಹೊಂದುವ ಗೇರನ್ನು ಆಮೇಲೆ ಹಾಕಿಕೊಂಡರಾಯಿತು.

ಎಂಟರ ಟ್ರ್ಯಾಕ್

ಮೇಲಿನವರು ಕ್ಲಚ್ ಬಗ್ಗೆ ಹೇಳಿದ್ದು ಪೂರ್ತಿ ಸರಿಯಾಗಿದೆ. ತುಮಕೂರಿನಲ್ಲಿ ಚಾಲನೆ ಕಲಿಸುವವನಾಗಿ ನಾನು ಬೇರೆ ಕೆಲವು ಸಂಗತಿಗಳನ್ನು ಸೇರಿಸುತ್ತೇನೆ.

ಸ್ಕೂಲ್ ಕಾರುಗಳಲ್ಲಿ ಕಲಿಸುವವರ ಕಾಲಿನ ಬಳಿಯೂ ಕ್ಲಚ್ ಮತ್ತು ಬ್ರೇಕ್ ಪೆಡಲುಗಳಿರುತ್ತವೆ. ಕಲಿಯುವವರು ತಡವರಿಸಿದ ಕೂಡಲೇ ನಾವು ಅಲ್ಲಿಂದ ಒತ್ತಿಬಿಡುತ್ತೇವೆ. ಇಂಜಿನ್ ನಿಲ್ಲುವುದಿಲ್ಲ, ಪಾಠ ಸಲೀಸಾಗಿ ಸಾಗಿದಂತೆ ಕಾಣುತ್ತದೆ. ಆದರೆ ಕ್ಲಚ್ ಹಿಡಿಯುವ ಜಾಗ ಕಲಿಯುವವರ ಪಾದಕ್ಕೆ ತಿಳಿಯುವುದೇ ಇಲ್ಲ. ಲೈಸೆನ್ಸ್ ಕೈಗೆ ಬಂದ ಮೇಲೆ ಸ್ವಂತ ಕಾರಿನಲ್ಲಿ ಮೊದಲಿನಿಂದ ಕಲಿಯುವಂತಾಗುವುದು ಬಹುಮಟ್ಟಿಗೆ ಇದರಿಂದಲೇ. ಇದನ್ನು ನಿಮ್ಮ ದಡ್ಡತನವೆಂದು ಎಣಿಸಬೇಡಿ.

ಆಸನವನ್ನು ಸರಿಮಾಡಿಕೊಳ್ಳುವುದನ್ನು ಬಹಳ ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕ್ಲಚ್ಚನ್ನು ತಳದವರೆಗೆ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಬಾಗಿರಬೇಕು. ಎತ್ತರ ಕಡಿಮೆಯಿರುವವರು ಆಸನವನ್ನು ಹಿಂದೆಯೇ ಬಿಟ್ಟು ಕಾಲ್ಬೆರಳಿನಿಂದ ಒತ್ತಿದರೆ ಕ್ಲಚ್ ಪೂರ್ತಿ ಬಿಡಿಸಿಕೊಳ್ಳುವುದಿಲ್ಲ, ಗೇರ್ ಬದಲಾಯಿಸುವಾಗ ಕರಕರ ಎನ್ನುತ್ತದೆ. ದಪ್ಪನೆಯ ನೆಲಹಾಸು ಮುಂದಕ್ಕೆ ಜರುಗಿ ಪೆಡಲಿನ ಕೆಳಗೆ ಸೇರಿಕೊಂಡರೂ ಇದೇ ಗತಿ. ಗೇರ್‌ಬಾಕ್ಸ್ ಕೆಟ್ಟಿದೆ ಎಂದುಕೊಂಡು ಬಂದವರ ಕಾರಿನಲ್ಲಿ ನೆಲಹಾಸನ್ನು ಹಿಂದಕ್ಕೆಳೆದು ಸರಿಪಡಿಸಿದ್ದುಂಟು. ಹಿಮ್ಮಡಿಯ ಪಟ್ಟಿಯಿಲ್ಲದ ಹವಾಯಿ ಚಪ್ಪಲಿಯೂ ಬೇಡ.

ಇನ್ನು ಕೈಯ ವಿಷಯ. ಗೇರ್‌ಬಾಕ್ಸಿನೊಳಗೆ ಮುಂದಕ್ಕೆ ಸಾಗುವ ಪ್ರತಿ ಗೇರಿನ ಪಕ್ಕದಲ್ಲಿ ಸಿಂಕ್ರೊನೈಸರ್ ಎಂಬ, ಸಾಮಾನ್ಯವಾಗಿ ಹಿತ್ತಾಳೆಯಂಥ ಲೋಹದ, ಒಂದು ಉಂಗುರವಿರುತ್ತದೆ. ಬೇರೆಬೇರೆ ವೇಗದಲ್ಲಿ ತಿರುಗುತ್ತಿರುವ ಗೇರನ್ನೂ ದಂಡವನ್ನೂ (ಶಾಫ್ಟ್) ಅದು ಉಜ್ಜಿ ಒಂದೇ ವೇಗಕ್ಕೆ ತಂದ ಮೇಲೆಯೇ ಹಲ್ಲುಗಳು ಕೂಡಿಕೊಳ್ಳುತ್ತವೆ. ಈ ಕೆಲಸಕ್ಕೆ ಕ್ಷಣದ ಒಂದು ಪಾಲಾದರೂ ಬೇಕು. ಕ್ಲಚ್ ಪೂರ್ತಿ ಒತ್ತುವ ಮೊದಲೇ ಸನ್ನೆಯನ್ನು (ಗೇರ್ ಲಿವರ್) ನೂಕಿದರೆ, ಅಥವಾ ಬಲಪ್ರಯೋಗದಿಂದ ಜಡಿದರೆ, ಸವೆಯುವುದು ಆ ಉಂಗುರ. ಆದ್ದರಿಂದ ಸನ್ನೆಯನ್ನು ನ್ಯೂಟ್ರಲ್‌ಗೆ ತಂದು, ಅಲ್ಲಿ ಒಂದು ಕಿರುತಡೆ ಕೊಟ್ಟು, ಅಂಗೈಯಿಂದ ಮುಂದಿನ ಗೇರಿಗೆ ಒರಗಿಸಿದರೆ ಅದು ತಾನಾಗಿ ಒಳಗೆ ಸೇರುತ್ತದೆ. ಗೇರ್ ಬದಲಾಯಿಸಿದ ಮೇಲೆ ಕೈ ಸ್ಟೀರಿಂಗಿಗೆ ಮರಳಬೇಕು. ಸನ್ನೆಯ ಮೇಲೆಯೇ ಇಟ್ಟುಕೊಂಡಿದ್ದರೆ ಆ ಒತ್ತಡ ಒಳಗೆ ಗೇರ್ ಬದಲಾಯಿಸುವ ಕವಲು ಭಾಗವಾದ ಫೋರ್ಕ್‌ಗೆ ತಗುಲಿ ಅದು ವೃಥಾ ಸವೆಯುತ್ತದೆ.

ಐದರಿಂದ ನಾಲ್ಕಕ್ಕೆ ಇಳಿಸುವಾಗ ಮಾತ್ರ ತುಂಬ ಎಚ್ಚರವಿರಲಿ. ಸನ್ನೆಯನ್ನು ಬಿಗಿಯಾಗಿ ಹಿಡಿದು ಎಡಕ್ಕೆ ಎಳೆದುಬಿಟ್ಟರೆ ನಾಲ್ಕರ ಬದಲು ಎರಡಕ್ಕೆ ಬೀಳಬಹುದು. ಹೆದ್ದಾರಿಯ ಹೆಚ್ಚಿನ ವೇಗದಲ್ಲಿ ಎರಡನೆಯ ಗೇರ್ ಹಾಕಿ ಕ್ಲಚ್ ಬಿಟ್ಟರೆ ಚಕ್ರಗಳೇ ಇಂಜಿನ್ನನ್ನು ಅದರ ಮಿತಿಯಾಚೆಗೆ ತಿರುಗಿಸುತ್ತವೆ. ಇಂಜಿನ್ ಕಂಪ್ಯೂಟರ್ ಪೆಟ್ರೋಲ್ ನಿಲ್ಲಿಸಬಲ್ಲದೇ ಹೊರತು ಚಕ್ರಗಳನ್ನು ತಡೆಯಲಾರದು. ಕಲಿಯುವವರು ಒಂದೇ ಏಟಿಗೆ ದೊಡ್ಡ ಖರ್ಚು ತಂದುಕೊಳ್ಳಬಹುದಾದ ತಪ್ಪು ನನಗೆ ತಿಳಿದಂತೆ ಇದೊಂದೇ. ಉಳಿದವೆಲ್ಲ ನಿಧಾನವಾಗಿ ಸವೆಸುವಂಥವು.

ಏರಿನಲ್ಲಿ ಹೊರಡುವುದಕ್ಕೆ ಹ್ಯಾಂಡ್ ಬ್ರೇಕ್ ಬಳಸಿ. ಹ್ಯಾಂಡ್ ಬ್ರೇಕ್ ಎಳೆದು, ಮೊದಲ ಗೇರ್ ಹಾಕಿ, ಸಮತಟ್ಟಿಗಿಂತ ತುಸು ಹೆಚ್ಚು, ಅಂದಾಜು 1,500 ಆರ್‌ಪಿಎಂನಷ್ಟು, ಆಕ್ಸಿಲರೇಟರ್ ಕೊಡಿ. ಕ್ಲಚ್ ಹಿಡಿಯುವ ಜಾಗಕ್ಕೆ ಬಂದಾಗ ಕಾರಿನ ಹಿಂಭಾಗ ಸ್ವಲ್ಪ ಕುಗ್ಗಿದಂತಾಗುತ್ತದೆ. ಆಗ ಹ್ಯಾಂಡ್ ಬ್ರೇಕ್ ಇಳಿಸಿ. ಕಾರು ಹಿಂದಕ್ಕೆ ಹೋಗುವುದಿಲ್ಲ. ನಿಮ್ಮ ಊರಿನಲ್ಲಿ ಏರುತಗ್ಗಿಗೆ ಬರವಿಲ್ಲವಾದ್ದರಿಂದ ಘಾಟಿಗೆ ಹೋಗುವ ಮೊದಲು ಯಾವುದಾದರೊಂದು ಖಾಲಿ ರಸ್ತೆಯಲ್ಲಿ ಇದನ್ನು ರೂಢಿಮಾಡಿಕೊಳ್ಳಿ. ಮುಂದಿನ ವಾಹನ ಸಾಗುವುದನ್ನು ಕಾಯುತ್ತಾ ಏರಿನಲ್ಲಿ ಕ್ಲಚ್ ಮತ್ತು ಆಕ್ಸಿಲರೇಟರ್ ಬಲದಿಂದಲೇ ಕಾರನ್ನು ನಿಲ್ಲಿಸಿಕೊಂಡಿರುವವರನ್ನು ನೋಡಿ ಜನ ನುರಿತ ಚಾಲಕರೆಂದು ಮೆಚ್ಚುತ್ತಾರೆ. ಕ್ಲಚ್ ಪ್ಲೇಟಿಗೆ ಅದಕ್ಕಿಂತ ಕೆಟ್ಟ ಅಭ್ಯಾಸ ಮತ್ತೊಂದಿಲ್ಲ.

ನಿವೃತ್ತ ಸಾರಥಿ

ಸಾರಿಗೆ ನಿಗಮದ ಬಸ್ಸುಗಳನ್ನು ಘಾಟಿ ಮಾರ್ಗಗಳಲ್ಲಿ ಓಡಿಸಿ ನಿವೃತ್ತನಾದವನು ನಾನು. ಹಾಸನದ ಗೆಳೆಯರು ಬ್ರೇಕಿನ ಬಗ್ಗೆ ಹೇಳಿದ ಮಾತು ಊರೊಳಗಿನ ರಸ್ತೆಗೆ ಸರಿ. ಆದರೆ ಈ ತಂಗಿ ಕೇಳಿರುವುದು ಸಂಪಾಜೆಯ ಬಗ್ಗೆ, ಅಲ್ಲಿಗೆ ಆ ಮಾತು ಹೊಂದುವುದಿಲ್ಲ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಅಷ್ಟು ಎತ್ತರದಿಂದ ಸಂಪಾಜೆಯವರೆಗೆ ಬ್ರೇಕನ್ನೇ ನಂಬಿ ಇಳಿದರೆ ಪ್ಯಾಡುಗಳು ಕಾದು ಹಿಡಿತ ಕಳೆದುಕೊಳ್ಳುತ್ತವೆ, ಪೆಡಲ್ ಎಷ್ಟು ಒತ್ತಿದರೂ ಗಾಡಿ ನಿಲ್ಲದಂತಾಗುತ್ತದೆ.

ಯಾವ ಗೇರಿನಲ್ಲಿ ಏರುತ್ತೇವೆಯೋ ಅದೇ ಗೇರಿನಲ್ಲಿ ಇಳಿಯಬೇಕು ಎಂಬುದು ನಮಗೆ ಹಿರಿಯ ಚಾಲಕರು ಕಲಿಸಿದ ನಿಯಮ. ನಿಮ್ಮಂಥ ಸಣ್ಣ ಕಾರಿಗೆ ಕಡಿದಾದ ಭಾಗದಲ್ಲಿ ಎರಡು, ಉಳಿದೆಡೆ ಮೂರು ಸರಿಹೋಗುತ್ತದೆ. ಇಳಿಜಾರು ಶುರುವಾಗುವ ಮೊದಲೇ ಬ್ರೇಕಿನಿಂದ ವೇಗ ತಗ್ಗಿಸಿ, ಗೇರ್ ಇಳಿಸಿ, ಕ್ಲಚ್ಚನ್ನು ಪೂರ್ತಿ ಬಿಟ್ಟುಬಿಡಿ. ಕ್ಲಚ್ ಬಿಟ್ಟಿರುವಾಗ ಅದು ಜಾರುವುದಿಲ್ಲವಾದ್ದರಿಂದ ಎಷ್ಟು ದೂರ ಹಾಗೆ ಇಳಿದರೂ ಪ್ಲೇಟ್ ಸವೆಯುವುದಿಲ್ಲ. ಗೆಳೆಯರು ಹೇಳಿದ ಸವೆತವೇನಿದ್ದರೂ ಗೇರ್ ಇಳಿಸುವ ಆ ಒಂದು ಕ್ಷಣದ್ದು. ಇಂಜಿನ್ ತಡೆದು ಹಿಡಿದ ಮೇಲೂ ವೇಗ ಹೆಚ್ಚುತ್ತಿದ್ದರೆ ಬ್ರೇಕನ್ನು ಒಮ್ಮೆ ದೃಢವಾಗಿ ಒತ್ತಿ ಬಿಡಬೇಕು, ಮೆಲ್ಲಗೆ ಒತ್ತಿಕೊಂಡೇ ಇರಬಾರದು.

ನ್ಯೂಟ್ರಲ್ ಸಲಹೆ ಕೊಟ್ಟ ನೆರೆಯವರು ಕಾರ್ಬುರೇಟರ್ ಕಾಲದವರಿರಬೇಕು. ಈಗಿನ ಇಂಜಿನ್ನುಗಳಲ್ಲಿ ಗೇರ್ ಹಾಕಿ ಆಕ್ಸಿಲರೇಟರ್ ಬಿಟ್ಟು ಇಳಿಯುವಾಗ ಇಂಜೆಕ್ಟರುಗಳು ಪೆಟ್ರೋಲನ್ನು ನಿಲ್ಲಿಸುತ್ತವೆ. ನ್ಯೂಟ್ರಲ್‌ನಲ್ಲಾದರೆ ಇಂಜಿನ್ ಚಾಲೂ ಇರಲು ಪೆಟ್ರೋಲ್ ಸುಡಲೇಬೇಕು. ಇಂಜಿನ್ನನ್ನೇ ಆಫ್ ಮಾಡಿ ಇಳಿಯುವವರನ್ನೂ ನೋಡಿದ್ದೇನೆ. ಹಾಗೆ ಮಾಡಿದರೆ ಪವರ್ ಸ್ಟೀರಿಂಗಿನ ನೆರವು ತಪ್ಪುತ್ತದೆ, ಎರಡು ಮೂರು ಬಾರಿ ಒತ್ತುವಷ್ಟರಲ್ಲಿ ಬ್ರೇಕ್ ಬೂಸ್ಟರಿನ ನೆರವೂ ಮುಗಿಯುತ್ತದೆ.

ಏರುವಾಗ ತಿರುವಿನ ಮಧ್ಯದಲ್ಲಿ ಗೇರ್ ಬದಲಾಯಿಸಬೇಡಿ, ತಿರುವಿಗೆ ಮೊದಲೇ ಇಳಿಸಿಕೊಳ್ಳಿ. ಮೇಲಿನ ಗೇರಿನಲ್ಲಿ ಇಂಜಿನ್ ನಡುಗುತ್ತಾ ಗೊಗ್ಗರು ಸದ್ದು ಮಾಡುತ್ತಿದ್ದರೆ, ಆಕ್ಸಿಲರೇಟರ್ ಒತ್ತುವುದರಲ್ಲಿ ಪ್ರಯೋಜನವಿಲ್ಲ. ಅದು ಕೆಳಗಿನ ಗೇರನ್ನು ಕೇಳುತ್ತಿದೆ. ಕ್ಲಚ್ಚನ್ನು ಅರ್ಧ ಒತ್ತಿ ಇಂಜಿನ್ನಿಗೆ ಉಸಿರು ಕೊಡುವ ಅಭ್ಯಾಸ ಲಾರಿಯವರಲ್ಲಿ ಕೆಲವರಿಗಿದೆ, ಅದನ್ನು ಕಲಿಯಬೇಡಿ. ಏರುತ್ತಿರುವ ವಾಹನಕ್ಕೆ ಇಳಿಯುವವರು ದಾರಿ ಬಿಡಬೇಕೆಂಬ ನಿಯಮವಿದೆ. ಎಲ್ಲರೂ ಅದನ್ನು ಪಾಲಿಸುತ್ತಾರೆಂದು ಮಾತ್ರ ನಂಬಿಕೊಳ್ಳಬೇಡಿ.

ಮಳೆಗಾಲದಲ್ಲಿ ಆ ದಾರಿಯ ಲೆಕ್ಕಾಚಾರವೇ ಬೇರೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು ಭಾಗದಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿಹೋಗಿತ್ತು. ಜೂನ್, ಜುಲೈಯಲ್ಲಿ ಮಣ್ಣು ತೆರವುಗೊಳಿಸುವ ಕಡೆ ವಾಹನಗಳು ಏರಿನಲ್ಲೇ ಸಾಲುಗಟ್ಟಿ ನಿಂತು ಹೆಜ್ಜೆ ಹೆಜ್ಜೆಯಾಗಿ ಸಾಗಬೇಕಾಗಬಹುದು. ಮುಂದಿನ ಗಾಡಿ ಒಂದು ಮಾರು ಸರಿದ ಕೂಡಲೇ ನೀವೂ ಸರಿಯಬೇಕಿಲ್ಲ. ಎರಡು ಮೂರು ಗಾಡಿಗಳಷ್ಟು ಜಾಗ ತೆರವಾಗುವವರೆಗೆ ಹ್ಯಾಂಡ್ ಬ್ರೇಕ್ ಎಳೆದು ನ್ಯೂಟ್ರಲ್‌ನಲ್ಲಿ ನಿಂತು, ಆಮೇಲೆ ಒಂದೇ ಸಲಕ್ಕೆ ಸಾಗಿ. ಹಿಂದಿನವರು ಹಾರ್ನ್ ಹಾಕುತ್ತಾರೆ, ಹಾಕಲಿ.

ಹಾಸನ ಗ್ಯಾರೇಜ್

ಹಿರಿಯರ ತಿದ್ದುಪಡಿಯನ್ನು ಒಪ್ಪಿದ್ದೇನೆ. ನಾನು ಹೇಳಿದ್ದು ಸಿಗ್ನಲಿಗೆ ಬಂದಾಗಲೆಲ್ಲ ನಾಲ್ಕು, ಮೂರು, ಎರಡು, ಒಂದು ಎಂದು ಸಾಲಾಗಿ ಗೇರ್ ಇಳಿಸುವವರನ್ನು ಕುರಿತು. ನಿಲ್ಲುವುದೇ ಆಗಿದ್ದರೆ ಇದ್ದ ಗೇರಿನಲ್ಲೇ ಬ್ರೇಕ್ ಒತ್ತಿ, ಇಂಜಿನ್ ನಡುಗುವ ಮೊದಲು ಕ್ಲಚ್ ಒತ್ತಿ, ನಿಂತ ಮೇಲೆ ನ್ಯೂಟ್ರಲ್‌ಗೆ ತಂದರೆ ಸಾಕು.

ಮಲ್ಲಿಗೆ ಪುತ್ತೂರು

ಮೂವರಿಗೂ ಅನಂತ ಧನ್ಯವಾದಗಳು. ಅಪ್ಪನಿಗೆ ಎಲ್ಲವನ್ನೂ ಓದಿ ಹೇಳಿದೆ. ಇಂಜಿನ್ ನಿಂತರೆ ಚಿಂತೆಯಿಲ್ಲ ಎಂಬುದನ್ನು ಅವರು ಇನ್ನೂ ಪೂರ್ತಿ ನಂಬಿಲ್ಲ, ಆದರೆ ನೆಲಹಾಸನ್ನು ತಾವೇ ಹಿಂದಕ್ಕೆಳೆದು ಕಟ್ಟಿದರು.

ಇನ್ನೆರಡು ಸಂದೇಹಗಳಿವೆ. ಮುಂದಿನ ಗೇರುಗಳೆಲ್ಲ ಸಲೀಸಾಗಿ ಬೀಳುತ್ತವೆ. ರಿವರ್ಸ್ ಹಾಕುವಾಗ ಮಾತ್ರ, ಕ್ಲಚ್ ತಳಮುಟ್ಟ ಒತ್ತಿದ್ದರೂ, ಒಮ್ಮೊಮ್ಮೆ ಕರ್ ಎನ್ನುತ್ತದೆ. ಇದು ದೋಷವೇ? ಎಂಟು ವರ್ಷದ ಈ ಕ್ಲಚ್ ಘಾಟಿ ಹತ್ತುವಷ್ಟು ಗಟ್ಟಿಯಿದೆಯೇ ಎಂದು ಗ್ಯಾರೇಜಿಗೆ ಹೋಗುವ ಮೊದಲು ನಾವೇ ತಿಳಿಯುವ ದಾರಿಯಿದೆಯೇ?

ಹಾಸನ ಗ್ಯಾರೇಜ್

ರಿವರ್ಸ್ ಸದ್ದು ಬಹುತೇಕ ದೋಷವಲ್ಲ. ಅನೇಕ ಕಾರುಗಳಲ್ಲಿ ರಿವರ್ಸ್ ಗೇರಿಗೆ ಸಿಂಕ್ರೊನೈಸರ್ ಇರುವುದಿಲ್ಲ. ನೇರ ಹಲ್ಲಿನ ಒಂದು ಗೇರ್ ಜರುಗಿ ಬಂದು ಕೂಡಿಕೊಳ್ಳುತ್ತದೆ. ಕ್ಲಚ್ ಒತ್ತಿದ ಮೇಲೂ ಒಳಗಿನ ದಂಡ ಕ್ಷಣಕಾಲ ತಿರುಗುತ್ತಲೇ ಇರುವುದರಿಂದ ಆಗ ಹಲ್ಲಿಗೆ ಹಲ್ಲು ತಾಗಿ ಸದ್ದಾಗುತ್ತದೆ. ಕಾರು ಸಂಪೂರ್ಣ ನಿಂತಿರಬೇಕು, ಕ್ಲಚ್ ಒತ್ತಿ ಎರಡು ಮೂರು ಸೆಕೆಂಡು ತಾಳಬೇಕು. ಆಗಲೂ ಸದ್ದು ಬಂದರೆ ಕ್ಲಚ್ ಬಿಡದೆ ಮೊದಲು ಎರಡನೆಯ ಗೇರಿಗೆ ತಾಗಿಸಿ, ದಂಡ ನಿಂತ ಮೇಲೆ ರಿವರ್ಸ್‌ಗೆ ತನ್ನಿ. ಇಷ್ಟಾದರೂ ಸದ್ದು ನಿಲ್ಲದಿದ್ದರೆ ಕ್ಲಚ್ ಪೂರ್ತಿ ಬಿಡಿಸಿಕೊಳ್ಳುತ್ತಿಲ್ಲ ಎಂದು ಅನುಮಾನಿಸಬೇಕು. ಕೇಬಲ್ ಇರುವ ಕಾರಾದರೆ ಕೇಬಲ್ ಸಡಿಲವಾಗಿರಬಹುದು, ಹೈಡ್ರಾಲಿಕ್ ಆದರೆ ಆಯಿಲ್ ಕಡಿಮೆಯಾಗಿರಬಹುದು. ಎರಡೂ ಸಣ್ಣ ಕೆಲಸಗಳು.

ಕ್ಲಚ್ ಪರೀಕ್ಷೆಯನ್ನು ನಿಮ್ಮ ತಂದೆಯವರು ಮಾಡಲಿ. ಸಮತಟ್ಟಾದ ಖಾಲಿ ರಸ್ತೆಯಲ್ಲಿ ನಾಲ್ಕನೆಯ ಗೇರಿನಲ್ಲಿ 45 ಕಿ.ಮೀ. ಆಸುಪಾಸಿನ ವೇಗದಲ್ಲಿ ಹೋಗುತ್ತಾ ಆಕ್ಸಿಲರೇಟರನ್ನು ಒಮ್ಮೆಲೇ ಪೂರ್ತಿ ಒತ್ತಬೇಕು. ಆರ್‌ಪಿಎಂ ಮುಳ್ಳೂ ವೇಗದ ಮುಳ್ಳೂ ಒಟ್ಟಿಗೆ ನಿಧಾನವಾಗಿ ಏರಿದರೆ ಕ್ಲಚ್ ಗಟ್ಟಿಯಿದೆ. ಆರ್‌ಪಿಎಂ ಮಾತ್ರ ಜಿಗಿದು ವೇಗ ಹಿಂದುಳಿದರೆ ಪ್ಲೇಟ್ ಜಾರುತ್ತಿದೆ. ಅಂಥ ಕಾರನ್ನು ಜನ ತುಂಬಿಕೊಂಡು ಸಂಪಾಜೆ ಹತ್ತಿಸಬೇಡಿ. ಕೇಬಲ್ ಅತಿ ಬಿಗಿಯಾಗಿದ್ದರೂ ಪ್ಲೇಟ್ ಜಾರುತ್ತದೆಯಾದ್ದರಿಂದ, ಪೆಡಲ್ ಒತ್ತಲು ಶುರುಮಾಡಿದಾಗ ಒತ್ತಡವಿಲ್ಲದ ಸ್ವಲ್ಪ ಸಡಿಲು ಇದೆಯೇ ಎಂದು ಕೈಯಿಂದ ಒತ್ತಿ ನೋಡಿ, ಆಮೇಲೆ ಪ್ಲೇಟಿನ ಮಾತಿಗೆ ಹೋಗಿ.

ಎಂಟು ವರ್ಷವಾಗಿದೆ ಎಂದಿದ್ದೀರಿ. ಇಂಜಿನ್ ಆಯಿಲ್ ಬದಲಾಯಿಸುವವರು ಗೇರ್ ಆಯಿಲನ್ನು ಮರೆತೇಬಿಡುತ್ತಾರೆ, ಹಾಗಾಗಿ ಜೂನ್‌ಗೆ ಮೊದಲು ಅದನ್ನೂ ನೋಡಿಸಿ. ಕಾರಿನ ಜೊತೆ ಬಂದ ಕೈಪಿಡಿಯಲ್ಲಿ ಬರೆದಿರುವ ದರ್ಜೆಯ ಆಯಿಲನ್ನೇ ಹಾಕಿಸಿ. ಕೈಪಿಡಿಯಲ್ಲಿ ಜಿಎಲ್-4 ಎಂದಿದ್ದರೆ, ಅಂಗಡಿಯವರು ಹೆಚ್ಚಿನದೆಂದು ಜಿಎಲ್-5 ಕೊಟ್ಟರೂ ತೆಗೆದುಕೊಳ್ಳಬೇಡಿ. ಅದು ಮುಖ್ಯವಾಗಿ, ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್‌ಗೆಂದು ಮಾಡಿದ್ದು, ಅದರಲ್ಲಿ ಹೆಚ್ಚಾಗಿರುವ ಗಂಧಕದ ಅಂಶ ಸಿಂಕ್ರೊನೈಸರಿನ ಹಿತ್ತಾಳೆಗೆ ಒಗ್ಗದಿರಬಹುದು.